ಜೇನಿಗೆ ಹೇಳದ ಸುದ್ದಿ

ಗಣಿಸಾಲು, ಥಾರ್ನ್‌ಲಾ
೧೨ ನವೆಂಬರ್ ೧೯೨೧

ಪ್ರೀತಿಯ ಆಂಬ್ರೋಸ್,

ನಿನ್ನ ಪುಸ್ತಕ ಬಂತು. ಅಂಚೆಯವನು ಕೊಟ್ಟು ಹೋಗುವುದು ಬಿಟ್ಟು, ನಾನು ಕಟ್ಟು ಬಿಚ್ಚುವ ತನಕ ಹೊಸ್ತಿಲಲ್ಲೇ ನಿಂತಿದ್ದ. "ನಮ್ಮ ಮೇಷ್ಟ್ರ ಮಗ ಬರ್ದಿದ್ದಾ ಇದು? ಇಷ್ಟು ದಪ್ಪಾನಾ?" ಅಂದ. "ಅವನು ಚಿಕ್ಕವನಿದ್ದಾಗ್ಲೂ ಬಾಯಿ ತೆಗೆದ್ರೆ ಮುಚ್ತಿರ್ಲಿಲ್ಲ. ನೀನು ಹೋಗಪ್ಪ, ಬೇರೆಯವರ ಕಾಗದ ಒದ್ದೆಯಾಗ್ತಿದೆ" ಅಂದೆ.

ಒಲೆಯ ಮುಂದೆ ಕೂತು ಓದಿದೆ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಕರಕಲಾಯಿತು, ಅದರ ಲೆಕ್ಕ ನಿನ್ನ ತಲೆಗೇ. ಈಗ ನನ್ನ ದೂರು ಕೇಳು. ನಿನಗೂ ವಿಲ್ಫ್‌ಗೂ ನಾನು ಹೇಳುತ್ತಿದ್ದ ಕಥೆಯಲ್ಲಿ ಗುಡ್ಡದೊಳಗಿನ ಅರಸ ತನ್ನ ಭಟರ ಜೊತೆ ಬರೀ ಕಲ್ಲಿನ ಮೇಲೆ ಮಲಗಿದ್ದ. ನೀನು ಅವನಿಗೆ ಚಿನ್ನದ ಮಂಚ ಹಾಕಿಸಿದ್ದೀಯ. ನನ್ನ ಕಥೆಯ ಕುರುಬ ಕಳೆದ ಕುರಿ ಹುಡುಕುತ್ತಾ ಒಳಗೆ ಹೋಗಿ, ಅರಸನನ್ನು ಎಬ್ಬಿಸುವ ಕಹಳೆ ಪಕ್ಕದಲ್ಲೇ ಇರುವುದನ್ನು ನೋಡಿ, ಊದುವ ಧೈರ್ಯ ಸಾಲದೆ ಕಾಲಿಗೆ ಬುದ್ಧಿ ಹೇಳಿದ. ನಿನ್ನ ಕುರುಬ ಎರಡು ಪುಟ ಭಾಷಣ ಮಾಡಿ ಆಮೇಲೆ ಓಡುತ್ತಾನೆ. ಇರಲಿ. ಗುಡ್ಡದ ಬಾಗಿಲಲ್ಲಿ ಜೇನು ಸಾಕಿಕೊಂಡು, ಬಂದವರಿಗೆಲ್ಲ ಬೈಯುವ ಆ ಮುದುಕಿ ಯಾರು? ನನ್ನ ಮೂಗು ಅಷ್ಟು ಉದ್ದ ಇಲ್ಲ.

ಇಲ್ಲಿ ಚರ್ಚಿನ ಮುಂದೆ ಯುದ್ಧದಲ್ಲಿ ಸತ್ತವರ ಹೆಸರಿಗೆ ಕಲ್ಲು ನಿಲ್ಲಿಸುತ್ತಾರಂತೆ. ಸಮಿತಿಯ ಪರ್ವಿಸ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದಿದ್ದ. "ಹೆಸ್ಟರ್, ವಿಲ್ಫ್ ಹೆಸರನ್ನೂ ಕೊಟ್ಬಿಡಿ" ಅಂದ. ನಾಲ್ಕು ವರ್ಷದ ಹಿಂದೆ ಫ್ರಾನ್ಸಿನಿಂದ ಬಂದ ಸೈನ್ಯದ ಕಾಗದದಲ್ಲಿ ನನ್ನ ಮಗ ಕಾಣೆಯಾಗಿದ್ದಾನೆ ಎಂದಷ್ಟೇ ಇದೆ. ಕಾಣೆಯಾದವನ ಹೆಸರು ಕಲ್ಲಿನಲ್ಲಿ ಯಾಕೆ ಬೇಕು? ಆ ದಿನ ಅವನಿಗೆ ಏನೂ ಹೇಳದೆ ಕಳಿಸಿದೆ. ಹೇಳುವುದಕ್ಕೆ ನನ್ನ ಹತ್ತಿರವೂ ಏನೂ ಇರಲಿಲ್ಲ.

ಈಗ ಇದೆ. ನಿನ್ನ ಪುಸ್ತಕದ ಕೊನೆಯ ಸಾಲು ಓದಿ, ಎದ್ದು ನೀರು ಕುಡಿದು ಬಂದು ಮತ್ತೆ ಓದಿದೆ. ನನಗೆ ಅರ್ಥವಾಯಿತು, ಮಗು. ನೀನು ಬಿಡಿಸಿ ಹೇಳಬೇಡ. ಎಲ್ಲಿ ಎಂದು ಮಾತ್ರ ತಿಳಿಸು.

ನಿನ್ನ ಚಿಕ್ಕಮ್ಮ,
ಹೆಸ್ಟರ್ ಮಿಲ್ಬರ್ನ್


ಡರ್ಹಮ್
೨೭ ನವೆಂಬರ್ ೧೯೨೧

ಪ್ರೀತಿಯ ಹೆಸ್ಟರ್ ಚಿಕ್ಕಮ್ಮ,

ಮೂಗಿನ ವಿಷಯದಲ್ಲಿ ತಪ್ಪಾಯಿತು. ಎರಡನೆಯ ಮುದ್ರಣವಾದರೆ ಮೊಟಕು ಮಾಡಿಸುತ್ತೇನೆ.

ಚಿನ್ನದ ಮಂಚ ನನ್ನ ಸ್ವಂತದ್ದಲ್ಲ. ಇಲ್ಲಿ ನಾನು ಪಾಠ ಹೇಳುವ ಹಳೆಯ ಹಾಡುಗಳಿವೆ. ಸಾವಿರ ವರ್ಷದ ಹಿಂದೆ ಯಾರೋ ಸನ್ಯಾಸಿಗಳು ಕರುವಿನ ಚರ್ಮದ ಮೇಲೆ ಬರೆದಿಟ್ಟವು. ಅವುಗಳಲ್ಲಿ ಅರಸ ಸತ್ತರೆ ಅವನ ಚಿನ್ನವನ್ನೂ ಕತ್ತಿಯನ್ನೂ ಅವನ ಜೊತೆಗೇ ಮಣ್ಣಿಗೆ ಹಾಕುತ್ತಾರೆ. ಒಂದು ಹಾಡಿನ ಹಾಳೆಗಳಿಗೆ ಯಾವ ಕಾಲದಲ್ಲೋ ಬೆಂಕಿ ತಗುಲಿ, ಕಥೆ ಸರಿಯಾಗಿ ಬೇಕಾದ ಕಡೆಯೇ ನಿಂತುಹೋಗಿದೆ. "ಮುಂದೇನಾಯ್ತು ಸಾರ್?" ಎಂದು ಹುಡುಗರು ಪ್ರತಿ ವರ್ಷ ಕೇಳುತ್ತಾರೆ. "ಗೊತ್ತಿಲ್ಲ" ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಇದೊಂದು ಪ್ರಶ್ನೆಗೆ ಹಾಗೆ ಹೇಳಿದರೂ ಸಂಬಳ ಕೊಡುತ್ತಾರೆ.

ಪತ್ರಿಕೆಯವರು ಇದನ್ನೆಲ್ಲ ನಾನು ತಲೆಯಿಂದ ಕಟ್ಟಿದೆ ಎಂದು ಬರೆದಿದ್ದಾರೆ. ನಾನು ಕಟ್ಟಿದ್ದು ತೀರಾ ಕಡಿಮೆ. ಅರಸ, ಕುರುಬ, ಕಹಳೆ ನಿಮ್ಮ ಒಲೆಯ ಮುಂದಿನವು. ಚಿನ್ನ ಆ ಹಾಡುಗಳದ್ದು. ಆದರೆ ಗುಡ್ಡದೊಳಗಿನ ಕತ್ತಲೆ, ಮುಟ್ಟಿದರೆ ಬೆರಳಿಗೆ ಅಂಟುವ ಬಿಳಿ ಗೋಡೆ, ಉಸಿರು ಬಿಗಿಹಿಡಿದು ಕೂತು ಆಲಿಸುವುದು, ಇವನ್ನು ಯಾವ ಹಾಡಿನಿಂದಲೂ ಎತ್ತಲಿಲ್ಲ. ಅದು ಎಲ್ಲಿಯದೆಂದು ನಿಮಗೆ ಗೊತ್ತು. ಯುದ್ಧದಲ್ಲಿ ನಾನೂ ವಿಲ್ಫೂ ಫ್ರಾನ್ಸಿನ ಒಂದೇ ಸುರಂಗದಲ್ಲಿದ್ದೆವು.

ಎಲ್ಲಿ ಎಂದು ಯಾಕೆ ಕೇಳಿದಿರೋ ನನಗೆ ತಿಳಿಯಲಿಲ್ಲ. "ಅರಸ ಇನ್ನೂ ಮಲಗಿದ್ದಾನೆ" ಎಂದು ಪುಸ್ತಕ ಮುಗಿಸಿದ್ದು, ನಿಮ್ಮ ಕಥೆಯೂ ಹಾಗೇ ಮುಗಿಯುತ್ತಿತ್ತು ಎಂದು. ಬೇರೆ ಇನ್ನೇನೂ ಇಲ್ಲ.

ಕ್ರಿಸ್‌ಮಸ್‌ಗೆ ಬರುವುದು ಕಷ್ಟ. ಪರೀಕ್ಷೆಯ ಕಾಗದಗಳು ರಾಶಿ ಬಿದ್ದಿವೆ.

ನಿಮ್ಮ
ಆಂಬ್ರೋಸ್


ಥಾರ್ನ್‌ಲಾ
೪ ಡಿಸೆಂಬರ್ ೧೯೨೧

ಪ್ರೀತಿಯ ಆಂಬ್ರೋಸ್,

ನೀನು ಜಾಣ. ತಿಳಿಯದವನ ಹಾಗೆ ಎಷ್ಟು ಚೆನ್ನಾಗಿ ಬರೆದಿದ್ದೀಯ! ಆದರೆ ಯುದ್ಧ ಮುಗಿದು ಮೂರು ವರ್ಷವಾಯಿತಲ್ಲೋ. ಈಗಲೂ ನಮ್ಮ ಕಾಗದ ಒಡೆದು ಓದುವವರಿದ್ದಾರೆಯೆ?

ವಿಲ್ಫ್ ನಿನಗೆ ಹೇಳದೆ ಇರುತ್ತಾನೆಯೆ? ಆದರೂ ಬರೆಯುತ್ತೇನೆ, ನನಗೂ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು. ಕೊನೆಯ ಸಲ ರಜೆಗೆ ಬಂದಾಗ ನಾವಿಬ್ಬರೂ ಈ ಅಡುಗೆಮನೆಯಲ್ಲಿ ಕೂತು ಗೊತ್ತು ಮಾಡಿಕೊಂಡೆವು. ಅವನ ಕಾಗದಗಳನ್ನೆಲ್ಲ ಮೇಲಿನವರು ಓದಿ, ಊರಿನ ಹೆಸರಿಗೆ, ಕೆಲಸದ ಮಾತಿಗೆ ಮಸಿ ಬಳಿಯುತ್ತಿದ್ದರು. "ಅಮ್ಮಾ, ಕಥೆಗೆ ಯಾರೂ ಮಸಿ ಬಳಿಯಲ್ಲ" ಅಂದ. ಕುರಿ ಕಳೆದಿದೆ ಎಂದರೆ ಮುಂದಿನ ಸಾಲಿಗೆ ಕಳಿಸಿದ್ದಾರೆ. ಕುರುಬ ಒಳಗೆ ಹೋದ ಎಂದರೆ ಸುರಂಗದ ಕೆಲಸ. ಅರಸ ಇನ್ನೂ ಮಲಗಿದ್ದಾನೆ ಎಂದರೆ, ಅಮ್ಮಾ, ನಾನು ಕ್ಷೇಮ. ಓದುವ ಅಧಿಕಾರಿ ಒಮ್ಮೆ ಕರೆಸಿ, "ಏನಯ್ಯಾ ಮಿಲ್ಬರ್ನ್, ನಿಮ್ಮ ಮನೆಯೋರಿಗೆಲ್ಲ ತಲೆ ಕೆಟ್ಟಿದೆಯಾ? ವಾರಾ ವಾರಾ ಕುರಿ ಕಳೀತದಲ್ಲ!" ಎಂದನಂತೆ. ಅದನ್ನು ಬರೆದು ಕಳಿಸಿದ್ದ. ನಾನು ಎಷ್ಟು ನಕ್ಕೆ ಎಂದರೆ ಪಕ್ಕದ ಮನೆಯ ಜೇನ್ ರಟರ್ ಬಂದು ಬಾಗಿಲು ತಟ್ಟಿದಳು.

ಅವನ ಕೊನೆಯ ಕಾಗದದಲ್ಲಿ ಕುರುಬ ಒಳಗೆ ಹೋಗಿದ್ದ. ಅದಾದ ಮೇಲೆ ಏನೂ ಇಲ್ಲ. ಈಗ ನಿನ್ನ ಪುಸ್ತಕದ ಕೊನೆಗೆ ಅವನದೇ ಮಾತು ಇದೆ, ಒಂದಕ್ಷರ ವ್ಯತ್ಯಾಸವಿಲ್ಲದೆ. ಇದು ಅವನು ನಿನ್ನ ಕೈಲಿ ಬರೆಸಿದ್ದು. ತಲೆಗೆ ಪೆಟ್ಟು ಬಿದ್ದಿದೆಯೋ, ಮುಖ ಸುಟ್ಟು ತೋರಿಸಲು ನಾಚಿಕೆಯೋ, ಏನಾದರೂ ಇರಲಿ. ಮುಖ ಹೇಗಿದ್ದರೂ ಅದನ್ನು ತೊಳೆದವಳು ನಾನಲ್ಲವೆ?

ಪರ್ವಿಸ್‌ಗೆ ಹೇಳಿ ಕಳಿಸಿದೆ, ಹೆಸರು ಕೆತ್ತಬೇಡಿ ಎಂದು. ವಿಲ್ಫ್‌ನ ಕೋಣೆಗೆ ಸುಣ್ಣ ಹೊಡೆಸಿದೆ. ಜೇನುಗಳ ವಿಷಯವೂ ನಿನಗೆ ಗೊತ್ತು. ನಿನ್ನ ಚಿಕ್ಕಪ್ಪ ಜೋಸೆಫ್ ತೀರಿಹೋದಾಗ, ಮನೆಯ ಕೀಲಿಯಿಂದ ಗೂಡು ತಟ್ಟಿ, ನಿಮ್ಮ ಯಜಮಾನ ಹೋದ, ಇನ್ನು ವಿಲ್ಫ್ ನಿಮ್ಮ ಯಜಮಾನ ಎಂದು ಹೇಳಿದ್ದೆ. ಮನೆಯ ಸಾವನ್ನು ಹೇಳದಿದ್ದರೆ ಅವು ಮನೆ ಬಿಟ್ಟು ಹೋಗುತ್ತವೆ. ಈ ನಾಲ್ಕು ವರ್ಷದಲ್ಲಿ ಮೂರು ಗೂಡು ಖಾಲಿಯಾಗಿ ಒಂದೇ ಉಳಿದಿದೆ. "ಹೇಳ್ಬಿಡು ಹೆಸ್ಟರ್, ಅವಕ್ಕೂ ಗೊತ್ತಾಗಿದೆ" ಎಂದು ಜೇನ್ ಬೇಲಿಯ ಮೇಲಿಂದ ನನ್ನ ತಲೆ ತಿನ್ನುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಒಳ್ಳೆಯದೇ ಆಯಿತು ನೋಡು! ಬದುಕಿರುವವನನ್ನು ಸತ್ತ ಎಂದು ಜೇನುಗಳಿಗೆ ಹೇಳಿದ್ದರೆ ಏನು ಗತಿ?

ಇನ್ನು ಕಹಳೆ ಊದುವವರು ಯಾರು? ನೀನೋ, ನಾನೋ? ಅವನಿಗೆ ಕಾಲುಚೀಲ ಹೆಣೆಯುತ್ತಿದ್ದೇನೆ. ಪಾದದ ಅಳತೆ ಹಿಂದಿನದೇ ಇಟ್ಟಿದ್ದೇನೆ.

ನಿನ್ನ
ಹೆಸ್ಟರ್ ಚಿಕ್ಕಮ್ಮ


ಥಾರ್ನ್‌ಲಾ
೨೨ ಜನವರಿ ೧೯೨೨

ಆಂಬ್ರೋಸ್,

ಕ್ರಿಸ್‌ಮಸ್ ಹೋಯಿತು, ಹೊಸ ವರ್ಷವೂ ಬಂತು. ನಿನ್ನಿಂದ ಒಂದು ಸಾಲೂ ಇಲ್ಲ. ಬಾಗಿಲಿಗೆ ಎದುರಾಗಿ ಊಟದ ಮೇಜು ಹಾಕಿದ್ದೆ, ಇಬ್ಬರೂ ಒಟ್ಟಿಗೆ ಬರುತ್ತೀರೇನೋ ಎಂಬ ಹುಚ್ಚು. ಸದ್ದಾದರೆ ಎದ್ದು ಹೋಗಿ ನೋಡುತ್ತಿದ್ದೆ.

ಪರ್ವಿಸ್ ಮತ್ತೆ ಬಂದಿದ್ದ. "ಕಲ್ಲುಕುಟಿಗ ಈಸ್ಟರ್ ಆದ್ಮೇಲೆ ಶುರು ಮಾಡ್ತಾನೆ. ಆಮೇಲೆ ಬೇಕು ಅಂದ್ರೆ ಜಾಗ ಇರಲ್ಲ ಹೆಸ್ಟರ್" ಅಂದ. "ನನ್ನ ಮಗ ಬಂದು ನಿನ್ನ ಕಲ್ಲನ್ನ ಓದ್ತಾನೆ, ಹೋಗು" ಅಂದುಬಿಟ್ಟೆ. ಈಗ ಊರೆಲ್ಲ ನನ್ನನ್ನು ನೋಡಿ ದನಿ ತಗ್ಗಿಸುತ್ತಿದೆ. ಅಂಗಡಿಯವನು ಸಕ್ಕರೆಯನ್ನು ಒಂದು ಹಿಡಿ ಜಾಸ್ತಿ ಹಾಕಿದ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಹೌದೋ ಅಲ್ಲವೋ, ಅಷ್ಟು ಬರೆ. ಕಥೆ ಹೇಳಬೇಡ.

ಹೆಸ್ಟರ್


ಡರ್ಹಮ್
೯ ಫೆಬ್ರವರಿ ೧೯೨೨

ಹೆಸ್ಟರ್ ಚಿಕ್ಕಮ್ಮ,

ಅಲ್ಲ.

ವಿಲ್ಫ್ ಇಲ್ಲ. ಸೈನ್ಯದ ಕಾಗದ ಬಂದ ವರ್ಷದ ವಸಂತದಲ್ಲೇ ಹೋದ. ನಿಮ್ಮಿಬ್ಬರ ಗುಟ್ಟಿನ ಮಾತು ನನಗೆ ಗೊತ್ತಿರಲಿಲ್ಲ. ನಿಮ್ಮ ಡಿಸೆಂಬರಿನ ಕಾಗದ ಓದಿದ ದಿನ ನಾನು ತರಗತಿಗೆ ಹೋಗಲಿಲ್ಲ. ಅಂದಿನಿಂದ ಬರೆದು ಬರೆದು ಹರಿದಿದ್ದೇನೆ. ಪುಸ್ತಕ ಬರೆದವನಿಗೆ ಒಂದು ಕಾಗದ ಬರೆಯಲು ಕೈ ಬರಲಿಲ್ಲ.

ನೀವು ಕಥೆ ಬೇಡ ಅಂದಿರಿ. ನಡೆದದ್ದನ್ನು ಹೇಳುತ್ತೇನೆ.

ಅಲ್ಲಿ ಮಣ್ಣು ನಮ್ಮ ಊರಿನದರಂತೆ ಕಪ್ಪಲ್ಲ, ಸೀಮೆಸುಣ್ಣದಂತೆ ಬಿಳಿ. ನಾವು ಶತ್ರುಗಳ ಕಡೆಗೆ ಸುರಂಗ ತೋಡುತ್ತಿದ್ದೆವು, ಅವರು ನಮ್ಮ ಕಡೆಗೆ. ನಮ್ಮೂರ ಗಣಿಯಲ್ಲಿ ಪಳಗಿದ ವಿಲ್ಫ್ ತೋಡುವವನು, ನಾನು ಆಲಿಸುವವನು. ವೈದ್ಯರ ಬಳಿ ಇರುವಂಥ ಕೊಳವೆಯನ್ನು ಕಿವಿಗೆ ಹಾಕಿಕೊಂಡು, ಗೋಡೆಗೆ ಹಚ್ಚಿ, ಆಚೆಯವರು ಎಷ್ಟು ಹತ್ತಿರ ಬಂದರೆಂದು ಹೇಳುವುದು ನನ್ನ ಕೆಲಸ. "ನಮ್ಮ ಮೇಷ್ಟ್ರ ಮಗನ ಕಿವಿ ಬಾವಲಿ ಕಿವಿ ಸಾರ್" ಎಂದು ವಿಲ್ಫೇ ಶಿಫಾರಸು ಮಾಡಿ ನನ್ನನ್ನು ಅಲ್ಲಿಗೆ ಹಾಕಿಸಿಕೊಂಡಿದ್ದ. ಬಿಡುವಿನಲ್ಲಿ ನಾವಿಬ್ಬರೂ ಕೂತು ಗುಡ್ಡದೊಳಗಿನ ಅರಸನ ಕಥೆ ಬೆಳೆಸುತ್ತಿದ್ದೆವು. "ಕುರುಬ ಓಡಿದ್ದು ಹೆದ್ರಿ ಅಲ್ಲ ಕಣೋ. ಪಾಪ, ಮಲ್ಗಿರೋರನ್ನ ಎಬ್ಸೋಕೆ ಮನಸ್ಸು ಬರ್ಲಿಲ್ಲ ಅವ್ನಿಗೆ" ಎನ್ನುತ್ತಿದ್ದ. ಆ ಮಾತನ್ನು ನಾನು ಪುಸ್ತಕದಲ್ಲಿ ಹಾಕಲಿಲ್ಲ. ಅದು ಅವನದಾಗಿಯೇ ಇರಲಿ ಅನ್ನಿಸಿತು.

ಆ ದಿನ ಮರದ ಆಸರೆ ಒಂದು ಕಡೆ ಬಾಗಿದೆಯೆಂದು ಸರಿಮಾಡಲು ಅವನೊಬ್ಬನೇ ತುದಿಗೆ ಹೋದ. ಆಚೆಯವರು ಮದ್ದು ಸಿಡಿಸಿದರು. ಅವನಿಗೂ ನಮಗೂ ನಡುವೆ ಸುರಂಗ ಕುಸಿಯಿತು. ನಾವೆಲ್ಲ ತೋಡಿದೆವು. ತೋಡಿದಷ್ಟೂ ಮೇಲಿನಿಂದ ಬೀಳುತ್ತಿತ್ತು, ವಿಷಗಾಳಿ ಬೇರೆ. ಇಬ್ಬರು ಅಲ್ಲೇ ಎಚ್ಚರ ತಪ್ಪಿದರು. ಅಧಿಕಾರಿ ನಿಲ್ಲಿಸಿ ಎಂದ. ಅವನು ಕೆಟ್ಟವನಲ್ಲ, ಚಿಕ್ಕಮ್ಮ. ಹೇಳುವಾಗ ಅವನೂ ಅಳುತ್ತಿದ್ದ.

ನಾನು ಕೊಳವೆಯನ್ನು ಗೋಡೆಗೆ ಹಚ್ಚಿದೆ. ವಿಲ್ಫ್ ತಟ್ಟುತ್ತಿದ್ದ.

ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ ಇತ್ತಲ್ಲ. ಚಿಕ್ಕಂದಿನಲ್ಲಿ ನನಗೆ ಕತ್ತಲೆಂದರೆ ಭಯ. ಹಾಸಿಗೆಯಿಂದಲೇ ಗೋಡೆ ತಟ್ಟುತ್ತಿದ್ದೆ, ಬೇಗ ಬೇಗ ಎರಡು, ತಡೆದು ಒಂದು. ಆಚೆಯಿಂದ ವಿಲ್ಫ್ ಹಾಗೇ ತಟ್ಟಿದರೆ ನಿದ್ದೆ ಬರುತ್ತಿತ್ತು. ಅದನ್ನೇ ತಟ್ಟುತ್ತಿದ್ದ. ಆ ಜಾಗದಲ್ಲಿ ಸದ್ದು ಮಾಡಬಾರದೆಂದು ಕಟ್ಟಪ್ಪಣೆ, ಶತ್ರುವಿನ ಕಿವಿಗೂ ಬೀಳುತ್ತದೆ. ನಾನು ಕರಣೆಯ ಹಿಡಿಯಿಂದ ತಿರುಗಿ ತಟ್ಟಿದೆ. ಯಾರೂ ನನ್ನನ್ನು ತಡೆಯಲಿಲ್ಲ. ಅವನು ತಟ್ಟಿದಾಗಲೆಲ್ಲ ನಾನೂ ತಟ್ಟಿದೆ. ಬರುಬರುತ್ತಾ ಮೆಲ್ಲಗಾಯಿತು. ಆಮೇಲೆ ನಾನು ತಟ್ಟಿದ್ದಕ್ಕೆ ಉತ್ತರ ಬರಲಿಲ್ಲ. ಅವರು ನನ್ನನ್ನು ಎಳೆದುಕೊಂಡು ಹೊರಗೆ ಬಂದರು.

ದೇಹ ಸಿಗದಿದ್ದುದರಿಂದ ಸೈನ್ಯ ಕಾಣೆಯಾದ ಎಂದು ಬರೆಯಿತು. ಅದೇ ವರ್ಷ ರಜೆಯಲ್ಲಿ ನಿಮಗೆ ಹೇಳಲೆಂದೇ ಬಂದಿದ್ದೆ. ನೀವು ಬಾಗಿಲು ತೆಗೆದು, "ಅವನೆಲ್ಲೋ? ಬೇಲಿ ಹಿಂದೆ ಅಡಗಿಕೊಂಡಿದ್ದಾನಾ?" ಎಂದು ನನ್ನ ಭುಜದ ಮೇಲಿಂದ ನೋಡಿದಿರಿ. ನೀವು ಕೊಟ್ಟ ರೊಟ್ಟಿ ತಿಂದು ಹೊರಟುಬಂದೆ.

ನನ್ನ ಹತ್ತಿರ ಅವನಿಗೆ ಸರಿಹೊಂದುವ ಮಾತಿರಲಿಲ್ಲ. ಸತ್ತ ಎನ್ನಲು ನಾಲಿಗೆ ಏಳದು, ಕಾಣೆಯಾದ ಎನ್ನುವುದು ಸುಳ್ಳು. ಅವನು ಎಲ್ಲಿದ್ದಾನೆಂದು ನನಗೆ ಚೆನ್ನಾಗಿ ಗೊತ್ತು. ಮಣ್ಣಿನೊಳಗಿರುವವನನ್ನು ಮಲಗಿದ್ದಾನೆ ಎಂದು ಹೇಳಬಹುದಾದದ್ದು ನಿಮ್ಮ ಕಥೆಯಲ್ಲಿ ಮಾತ್ರ. ಅದಕ್ಕೇ ಬರೆದೆ. ಅದು ನಿಮ್ಮ ಬಾಗಿಲಿಗೆ ಹೀಗೆ ಹೋಗಿ ನಿಲ್ಲುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬೈದಾದರೂ ಬರೆಯಿರಿ.

ಆಂಬ್ರೋಸ್


ಡರ್ಹಮ್
೧೭ ಏಪ್ರಿಲ್ ೧೯೨೨

ಹೆಸ್ಟರ್ ಚಿಕ್ಕಮ್ಮ,

ಪುಸ್ತಕ ವಾಪಸು ಬಂದು ತಲುಪಿತು. ಒಳಗೆ ಏನಾದರೂ ಚೀಟಿ ಇದೆಯೇನೋ ಎಂದು ಹಾಳೆ ಹಾಳೆ ತಿರುವಿದೆ. ಅಂಚಿನಲ್ಲಿ ಹಿಟ್ಟಿನ ಬೆರಳಿನ ಗುರುತುಗಳಿವೆ. ಕೊನೆಯ ಪುಟದಲ್ಲಿ ಹೆಚ್ಚು.

ಪ್ರಕಾಶಕರು ಎರಡನೆಯ ಭಾಗ ಕೇಳುತ್ತಿದ್ದಾರೆ. ಅರಸ ಎದ್ದು ಬರಬೇಕಂತೆ, ಓದುವ ಮಕ್ಕಳೆಲ್ಲ ಅದನ್ನೇ ಕೇಳಿ ಕಾಗದ ಹಾಕುತ್ತಾರಂತೆ. ನನ್ನಿಂದ ಆಗುವುದಿಲ್ಲ ಎಂದು ತಿಳಿಸಿದ್ದೇನೆ. ಕಹಳೆ ಊದಿ ಎಬ್ಬಿಸಿದರೆ ನಿಮಗೆ ಎರಡನೆಯ ಸಲ ಸುಳ್ಳು ಹೇಳಿದಂತಾಗುತ್ತದೆ. ಎಬ್ಬಿಸದಿದ್ದರೆ ಬರೆಯುವುದಕ್ಕೆ ಏನಿದೆ?

ಮೊನ್ನೆ ಹುಡುಗರಿಗೆ ಆ ಸುಟ್ಟ ಹಾಳೆಯ ಹಾಡನ್ನು ಪಾಠ ಮಾಡಿದೆ. ಮುಂದೇನಾಯ್ತು ಎಂದು ಕೇಳಿದರು. ಈ ಸಲ ಗೊತ್ತಿಲ್ಲ ಎನ್ನಲಾಗಲಿಲ್ಲ. ಕಿಟಕಿ ತೆಗೆಯುವ ನೆಪ ಮಾಡಿದೆ.

ನೀವು ಹೇಗಿದ್ದೀರೆಂದು ಜೇನ್ ರಟರ್ ಅವರಿಂದಲಾದರೂ ಒಂದು ಸಾಲು ಬರೆಸಿ.

ನಿಮ್ಮ
ಆಂಬ್ರೋಸ್


ಗಣಿಸಾಲು, ಥಾರ್ನ್‌ಲಾ
೨೦ ಜೂನ್ ೧೯೨೨

ಪ್ರೀತಿಯ ಆಂಬ್ರೋಸ್,

ಜೇನ್ ಕೈಲಿ ಕಾಗದ ಬರೆಸುವಷ್ಟು ನನ್ನ ಗತಿ ಕೆಟ್ಟಿಲ್ಲ. ಅವಳು ಬರೆದರೆ ತನ್ನ ಮಂಡಿನೋವಿಗೇ ಎರಡು ಹಾಳೆ ಬೇಕು.

ನಿನ್ನ ಮೇಲೆ ಬಹಳ ಸಿಟ್ಟಿತ್ತು. ಪುಸ್ತಕವನ್ನು ಒಲೆಗೆ ಹಾಕಬೇಕೆಂದು ಎತ್ತಿಕೊಂಡಿದ್ದೆ. ಆದರೆ ಅದರೊಳಗೆ ವಿಲ್ಫ್ ಇದ್ದಾನಲ್ಲ, ಹಾಕಲಾಗಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲೂ ಆಗಲಿಲ್ಲ. ಹಾಗೆ ನಿನಗೇ ಕಳಿಸಿದೆ. ನಿನ್ನ ಫೆಬ್ರವರಿಯ ಕಾಗದವನ್ನು ಓದಿ ಮಡಿಸಿಟ್ಟು, ಒಂದು ಋತು ಕಳೆಯುವ ತನಕ ಮತ್ತೆ ಮುಟ್ಟಲಿಲ್ಲ. ಕಾಲುಚೀಲದಲ್ಲಿ ಒಂದು ಮುಗಿದಿತ್ತು. ಇನ್ನೊಂದನ್ನು ಹೆಣೆಯುತ್ತಲೇ ಹೋದೆ. ಕೈಗೆ ಬೇರೆ ಕೆಲಸ ತಿಳಿಯಲಿಲ್ಲ.

ಮೇ ತಿಂಗಳಲ್ಲಿ ಕೊನೆಯ ಗೂಡೂ ಎದ್ದು ಹೊರಡುವ ಹಾಗೆ ಕಾಣಿಸಿತು. ಜೇನುಗಳು ಗೂಡಿನ ಬಾಗಿಲ ಮುಂದೆ ಗೊಂಚಲುಗಟ್ಟಿ ತೂಗಾಡುತ್ತಿದ್ದವು. ಆವತ್ತು ಕಾಗದ ತೆಗೆದು ಮತ್ತೆ ಓದಿದೆ. ನೀನು ತಿರುಗಿ ತಟ್ಟಿದೆ ಎಂದು ಬರೆದಿದ್ದೀಯಲ್ಲ, ಆ ಜಾಗವನ್ನು ಮತ್ತೆ ಮತ್ತೆ ಓದಿದೆ. ಮೊಳೆಯ ಮೇಲಿದ್ದ ಮನೆಯ ಕೀಲಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಜೇನ್ ಬಟ್ಟೆ ಹರವುತ್ತಿದ್ದಳು. "ಏನ್ ಹೆಸ್ಟರ್, ಜೇನಿನ್ ಮನೆಗೂ ಬೀಗ ಹಾಕ್ತೀಯಾ?" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು, ಒದ್ದೆ ಬಟ್ಟೆಯನ್ನು ಎದೆಗವುಚಿಕೊಂಡು ನಿಂತಳು.

ಕೀಲಿಯಿಂದ ಗೂಡು ತಟ್ಟಿದೆ. ಮತ್ತೆ ತಟ್ಟಿದೆ. "ನಿಮ್ಮ ಯಜಮಾನ ವಿಲ್ಫ್ ಹೋದ. ಫ್ರಾನ್ಸಿನಲ್ಲಿ, ಮಣ್ಣಿನೊಳಗೆ. ಒಬ್ಬನೇ ಇರ್ಲಿಲ್ಲ. ಗೋಡೆ ಆಚೆ ನಮ್ಮ ಆಂಬ್ರೋಸ್ ಇದ್ದ" ಅಂದೆ. ಒಳಗೆ ಗುಂಯ್ ಎಂದು ಎಲ್ಲವೂ ಒಟ್ಟಿಗೆ ಎದ್ದವು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಐದು ವರ್ಷದಿಂದ ಅಳದೆ ಇಟ್ಟಿದ್ದನ್ನೆಲ್ಲ ಅತ್ತೆ. ಜೇನ್ ಬೇಲಿ ದಾಟಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಲಂಗಕ್ಕೆಲ್ಲ ಮಣ್ಣಾಯಿತು.

ಗೂಡು ಉಳಿದಿದೆ. ನನ್ನ ತಲೆ ಕೆಟ್ಟಿದೆ ಅಂದುಕೊಂಡರೂ ಸರಿ, ಉಳಿದಿದೆ.

ಆಮೇಲೆ ಪರ್ವಿಸ್ ಮನೆಗೆ ನಾನೇ ಹೋದೆ. ಕಲ್ಲುಕುಟಿಗ ಆಗಲೇ ಎಲ್ಲರದ್ದೂ ಅಕ್ಷರಕ್ರಮದಲ್ಲಿ ಕೆತ್ತಿ ಮುಗಿಸಿದ್ದ. ಮಿಲ್ಬರ್ನ್ ಇರಬೇಕಾದ ಕಡೆ ಜಾಗವಿಲ್ಲ. ಎಲ್ಲರ ಕೆಳಗೆ ಒಂದು ಸಾಲು ಉಳಿದಿತ್ತು, ಅಲ್ಲಿ ಹಾಕಿದರು. ಮೊನ್ನೆ ಭಾನುವಾರ ಕಲ್ಲಿಗೆ ಹೊದಿಸಿದ್ದ ಪರದೆ ತೆಗೆದಾಗ ಪರ್ವಿಸ್ ಬಂದು ನನ್ನ ಕಿವಿಯಲ್ಲಿ, "ಕ್ರಮ ತಪ್ಪಿತಲ್ಲ, ಬೇಜಾರು ಮಾಡ್ಕೋಬೇಡಿ" ಅಂದ. "ಅವನು ಚರ್ಚಿಗೆ ಯಾವತ್ತಪ್ಪ ಹೊತ್ತಿಗೆ ಸರಿಯಾಗಿ ಬಂದಿದ್ದ?" ಅಂದೆ. ಪಾಪ, ನಗುವುದೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ.

ಇನ್ನು ನಿನ್ನ ಎರಡನೆಯ ಪುಸ್ತಕ. ಬರೆ. ಮಕ್ಕಳು ಕಾಯುತ್ತಿದ್ದಾರೆ, ಅವರ ಅರಸ ಎದ್ದು ಬರಲಿ. ಅವರು ನನ್ನ ಹಾಗೆ ತಪ್ಪು ತಿಳಿಯುವುದಿಲ್ಲ. ಆದರೆ ಕಹಳೆ ಊದಿದಾಗ ಎಲ್ಲರೂ ಏಳುವುದು ಬೇಡ. ಬಾಗಿಲ ಹತ್ತಿರ ಮಲಗಿರುವ ಒಬ್ಬ ಏಳದೆ ಇರಲಿ. ಅರಸ ಹೊರಗೆ ಹೋಗುವಾಗ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಹೆಸರು ಹಾಕಬೇಡ. ನನಗೂ ನಿನಗೂ ಗೊತ್ತಿದ್ದರೆ ಸಾಕು. ಚಿನ್ನದ ಮಂಚವನ್ನು ಬೇಕಾದರೆ ಇಟ್ಟುಕೋ.

ಕಾಲೇಜಿಗೆ ಬೇಸಿಗೆ ರಜೆ ಬಂತಲ್ಲ, ಇಲ್ಲಿಗೆ ಬಾ. ಪರೀಕ್ಷೆಯ ಕಾಗದವಿದ್ದರೆ ಹೊತ್ತುಕೊಂಡು ಬಾ. ಕಾಲುಚೀಲಗಳು ಮುಗಿದಿವೆ, ನಿನ್ನ ಪಾದಕ್ಕೆ ಸ್ವಲ್ಪ ದೊಡ್ಡವಾದಾವು. ನೀನು ವಿಲ್ಫ್‌ನ ಕೋಣೆಯಲ್ಲಿ ಮಲಗಬೇಕು. ಈಗಲೂ ನಿನಗೆ ಕತ್ತಲೆಯಲ್ಲಿ ನಿದ್ದೆ ಬರುವುದಿಲ್ಲವೆಂದು ನೀನು ಬರೆಯದಿದ್ದರೂ ನನಗೆ ಗೊತ್ತು.

ಆ ಮಂಚದ ತಲೆದೆಸೆಗೆ ಇರುವುದು ನನ್ನ ಕೋಣೆಯ ಗೋಡೆ. ತಟ್ಟು. ನಾನು ತಿರುಗಿ ತಟ್ಟುತ್ತೇನೆ.

ನಿನ್ನ ಚಿಕ್ಕಮ್ಮ,
ಹೆಸ್ಟರ್